ಹುತ್ತದ ಅಣಬೆ: ಬುಡ ಅಗೆದು ನೋಡಿ, ಅಚ್ಚು ತೆಗೆದು ನೋಡಿ

ಮಲೆನಾಡಿನಲ್ಲಿ ಮುಂಗಾರು ಹಿಡಿದ ಮೇಲೆ ಹುತ್ತದ ಅಣಬೆ ಹುಡುಕಿ ಹೊರಡುವವರು ಅದನ್ನು ಮೇಲಿಂದ ಮುರಿಯದೆ, ಕತ್ತಿಯ ತುದಿಯಿಂದ ಬುಡದ ಮಣ್ಣನ್ನು ಸಡಿಲಿಸಿ ಇಡಿಯಾಗಿ ಎತ್ತಬೇಕು. ಟರ್ಮಿಟೋಮೈಸಿಸ್ ಕುಲದ ಈ ಅಣಬೆಗಳಲ್ಲಿ ಹೆಚ್ಚಿನವುಗಳ ಕಾಂಡವು ಬೇರಿನಂತೆ ನೀಳವಾಗಿ ಇಳಿದು ಗೆದ್ದಲಿನ ಗೂಡನ್ನು ಮುಟ್ಟುತ್ತದೆ. ಕೊಡೆಯ ನಡುವೆ ಮೊನೆಯಂಥ ಉಬ್ಬಿರುತ್ತದೆ. ಅದರ ಬದಲು ಬುಡದಲ್ಲಿ ಒಡೆದ ಮೊಟ್ಟೆಯ ಚಿಪ್ಪಿನಂಥ ಬಿಳಿಯ ಚೀಲ ಕಂಡರೆ ಅದು ಅಮಾನಿಟಾ ಕುಲದ ಮಾರಕ ಅಣಬೆ ಇರಬಹುದು. ಮುರಿದು ತಂದರೆ ಈ ಗುರುತು ಮಣ್ಣಿನಲ್ಲೇ ಉಳಿದುಹೋಗುತ್ತದೆ.

ಮನೆಗೆ ತಂದ ಮೇಲೆ ಒಂದು ಅಣಬೆಯ ಕಾಂಡ ಕತ್ತರಿಸಿ, ಕೊಡೆಯಡಿಯ ತೆಳು ಪದರಗಳು ಕೆಳಮುಖವಾಗುವಂತೆ ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಹಾಳೆಯ ಮೇಲಿಟ್ಟು, ಬಟ್ಟಲು ಕವುಚಿ ರಾತ್ರಿಯಿಡೀ ಬಿಟ್ಟರೆ ಬೀಜಕಗಳ, ಅಂದರೆ ಅಣಬೆಯ ಬೀಜದಂಥ ನುಣುಪು ಪುಡಿಯ, ಅಚ್ಚು ಮೂಡುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ, ಅಮಾನಿಟಾದ್ದು ಬಿಳಿ; ಹುಲ್ಲುಹಾಸಿನಲ್ಲೆದ್ದು ವಾಂತಿಭೇದಿ ತರುವ ಕ್ಲೋರೋಫಿಲಮ್ ಮಾಲಿಬ್ಡೈಟಿಸ್‌ನದು ಹಸಿರು. ಆದರೆ ಎಳೆಯದಾಗಿದ್ದಾಗ ಇದರ ಪದರಗಳೂ ಬೆಳ್ಳಗೇ ಇರುವುದರಿಂದ ಕಣ್ಣಂದಾಜು ಸಾಲದು.

ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದದ್ದನ್ನು ನಾವೂ ತಿನ್ನಬಹುದು ಎಂಬ ಮಾತುಗಳನ್ನು ಇನ್ನಾದರೂ ಕೈಬಿಡೋಣ. ಮಾರಕ ಅಮಾನಿಟಾಗಳಲ್ಲಿರುವ ಅಮಾಟಾಕ್ಸಿನ್ ವಿಷವು ಕುದಿಸಿದರೂ ನಾಶವಾಗುವುದಿಲ್ಲ. ಲಕ್ಷಣಗಳು ಸಾಮಾನ್ಯವಾಗಿ 6 ಗಂಟೆಗಳ ಬಳಿಕವೇ ಕಾಣಿಸಿಕೊಳ್ಳುತ್ತವೆ ಮತ್ತು ನಡುವೆ ಗುಣವಾದಂತೆ ತೋರಿದರೂ ಯಕೃತ್ತು ಹಾಳಾಗುತ್ತಿರುತ್ತದೆ. ಆದ್ದರಿಂದ ಬೇಯಿಸದ ಒಂದು ಇಡೀ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ತೊಂದರೆಯಾದರೆ ಅದನ್ನೂ ಆಸ್ಪತ್ರೆಗೆ ಒಯ್ಯಿರಿ.