ಐಸಿಯುನಲ್ಲಿ ವೈದ್ಯರಿಗೂ ಮನೆಯವರಿಗೂ ಒಮ್ಮತ ಬಾರದಿದ್ದರೆ ಮಾಡಬೇಕಾದ್ದೇನು?

ಅಪ್ಪ ವೆಂಟಿಲೇಟರ್‌ನಲ್ಲಿದ್ದಾರೆ. ದೊಡ್ಡ ಮಗ ‘ಇನ್ನು ಸಾಕು, ಹಿಂಸೆ ಬೇಡ’ ಎನ್ನುತ್ತಾನೆ. ಹೊರದೇಶದಲ್ಲಿರುವ ಮಗಳು ‘ನಾನು ಬರುವವರೆಗೆ ಏನನ್ನೂ ನಿಲ್ಲಿಸಬೇಡಿ’ ಎಂದು ಫೋನಿನಲ್ಲಿ ಅಳುತ್ತಾಳೆ. ವೈದ್ಯರು ಕಾನೂನಿಗೆ ಹೆದರಿ ‘ನೀವೇ ಹೇಳಿ’ ಎನ್ನುತ್ತಾರೆ. ಇಂಥ ಹೊತ್ತಿಗೆ ನಮ್ಮಲ್ಲಿ ಒಂದು ಕ್ರಮವಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಹಕ್ಕು ಎಂದಿತು. 2023ರ ಜನವರಿ 24ರಂದು ಅದರ ಕಠಿಣ ಷರತ್ತುಗಳನ್ನು ಸಡಿಲಿಸಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ವಿಷದ ಇಂಜೆಕ್ಷನ್ ಕೊಟ್ಟು ಸಾಯಿಸುವುದು ಆಗಲೂ ಈಗಲೂ ಅಪರಾಧ. ಇಲ್ಲಿ ಹೇಳುತ್ತಿರುವುದು ಫಲವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವ ಅಥವಾ ನಿಲ್ಲಿಸುವ ಬಗ್ಗೆ ಮಾತ್ರ.

ಆರೋಗ್ಯವಾಗಿದ್ದಾಗಲೇ ಬರೆದಿಡಿ

ಜಗಳದ ಮೂಲ ಹೆಚ್ಚಿನ ಸಲ ಒಂದೇ: ರೋಗಿಗೆ ಏನು ಬೇಕಿತ್ತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಪರಿಹಾರ ಮುಂಗಡ ವೈದ್ಯಕೀಯ ನಿರ್ದೇಶನ. ಜನರ ಬಾಯಲ್ಲಿ ಇದು ‘ಲಿವಿಂಗ್ ವಿಲ್’. ಸ್ವಸ್ಥ ಮನಸ್ಸಿನ ಯಾವ ವಯಸ್ಕರೂ ಸ್ವಇಚ್ಛೆಯಿಂದ ಬರೆಯಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಬೇಕು. ಸಾಕ್ಷಿಗಳು ಮನೆಯವರಲ್ಲದಿದ್ದರೆ ಒಳ್ಳೆಯದು. ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು. ಮೊದಲಿನಂತೆ ಮ್ಯಾಜಿಸ್ಟ್ರೇಟ್ ಬಳಿ ಓಡಬೇಕಿಲ್ಲ.

ಬರೆಯುವ ಮಾತಿನಲ್ಲೇ ಬಹಳ ಜನ ಎಡವುತ್ತಾರೆ. ‘ನನ್ನನ್ನು ನರಳಿಸಬೇಡಿ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ, ಏಕೆಂದರೆ ಅಸ್ಪಷ್ಟವಾದ ನಿರ್ದೇಶನವನ್ನು ವೈದ್ಯಕೀಯ ಮಂಡಳಿ (ಚಿಕಿತ್ಸೆ ನಿಲ್ಲಿಸಬೇಕೇ ಎಂದು ಪರಿಶೀಲಿಸುವ ವೈದ್ಯರ ತಂಡ) ಬದಿಗಿಡುತ್ತದೆ. ಹೀಗೆ ಬರೆಯಿರಿ: ‘ನನಗೆ ಗುಣವಾಗದ ಕಾಯಿಲೆ ಬಂದು, ನನ್ನವರನ್ನು ಗುರುತಿಸುವ ಪ್ರಜ್ಞೆ ಮರಳುವ ಸಂಭವವಿಲ್ಲವೆಂದು ವೈದ್ಯಕೀಯ ಮಂಡಳಿ ಹೇಳಿದರೆ ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಹೃದಯ ನಡೆಸುವ ಯತ್ನ ಬೇಡ. ಈಗಾಗಲೇ ಶುರುವಾಗಿದ್ದರೆ ನಿಲ್ಲಿಸಿ. ನೋವಿಗೆ, ಏದುಸಿರಿಗೆ ಔಷಧ ಕೊಡುತ್ತಿರಿ.’ ಇದರ ಪರಿಣಾಮ ತಿಳಿದೇ ಬರೆಯುತ್ತಿದ್ದೇನೆ, ಯಾವಾಗ ಬೇಕಾದರೂ ಹಿಂಪಡೆಯಬಹುದೆಂಬುದು ಗೊತ್ತಿದೆ ಎಂಬ ಸಾಲುಗಳೂ ಇರಲಿ.

ನಿಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರನ್ನು ಅದರಲ್ಲಿ ಬರೆಯಲೇಬೇಕು. 2023ರ ತಿದ್ದುಪಡಿಯ ನಂತರ ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ನಿಮಗೆ ಪ್ರಜ್ಞೆ ಇಲ್ಲದಾಗ ಮಂಡಳಿ ಕೇಳುವುದು ಇವರ ಒಪ್ಪಿಗೆಯನ್ನು. ನಿಮ್ಮ ಮೇಲೆ ಹೆಚ್ಚು ಪ್ರೀತಿ ಇರುವವರಿಗಿಂತ ನಿಮ್ಮ ಮಾತನ್ನು ನಡೆಸಿಕೊಡುವ ಗಟ್ಟಿತನ ಇರುವವರನ್ನು ಆರಿಸಿ, ಅವರ ಜೊತೆ ಕೂತು ಮಾತಾಡಿ.

ಆಸ್ತಿಯ ಉಯಿಲಿನೊಳಗೆ ಇದನ್ನು ಸೇರಿಸಬೇಡಿ. ಅದನ್ನು ತೆರೆಯುವುದು ತಿಥಿಯೆಲ್ಲ ಮುಗಿದ ಮೇಲೆ! ಪ್ರತಿಗಳನ್ನು ಹೆಸರಿಸಿದವರಿಗೂ ಮನೆ ವೈದ್ಯರಿಗೂ ಕೊಡಿ. ಪಂಚಾಯಿತಿ ಅಥವಾ ನಗರಾಡಳಿತದ ನಿಗದಿತ ಅಧಿಕಾರಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಆಸ್ಪತ್ರೆಯಲ್ಲಿ: ಮೊದಲು ಕೂತು ಮಾತಾಡಿ

ರೋಗಿಗೆ ಪ್ರಜ್ಞೆ ಇದ್ದು, ತಿಳಿದು, ತಾನೇ ಚಿಕಿತ್ಸೆ ಬೇಡವೆಂದರೆ ಆ ಮಾತೇ ನಡೆಯಬೇಕು. ಪ್ರಜ್ಞೆ ಇಲ್ಲದಿದ್ದರೆ ಕುಟುಂಬಸಭೆ ಕರೆಯಲು ಹೇಳಿ. ಕಾರಿಡಾರಿನಲ್ಲಿ ನಿಂತು ಎರಡು ನಿಮಿಷ ಆಡುವ ಮಾತು ಸಭೆಯಲ್ಲ. ದೂರದ ಮಗಳನ್ನು ವಿಡಿಯೊ ಕರೆಯಲ್ಲಿ ಸೇರಿಸಿ. ಎಲ್ಲರೂ ಒಂದೇ ವೈದ್ಯರ ಬಾಯಿಂದ ಒಂದೇ ಮಾತು ಕೇಳಿದರೆ ಅರ್ಧ ತಕರಾರು ಅಲ್ಲೇ ಇಳಿಯುತ್ತದೆ. ‘ಬದುಕುತ್ತಾರಾ?’ ಎಂದು ಕೇಳಿದರೆ ‘ಹೇಳೋಕಾಗಲ್ಲ’ ಎಂಬ ಉತ್ತರವೇ ಬರುವುದು. ‘ಬದುಕಿದರೆ ಯಾವ ಸ್ಥಿತಿಯಲ್ಲಿ? ಮಾತಾಡುತ್ತಾರಾ, ತಾವೇ ಊಟ ಮಾಡುತ್ತಾರಾ?’ ಎಂದು ಕೇಳಿ.

ಅನುಮಾನ ಉಳಿದರೆ ಗಡುವಿನ ಚಿಕಿತ್ಸೆ ಒಳ್ಳೆಯ ದಾರಿ. ‘ಇನ್ನು ಮೂರು ದಿನ ಪೂರ್ಣ ಪ್ರಯತ್ನ ಮಾಡೋಣ, ಮೂತ್ರದ ಪ್ರಮಾಣ, ರಕ್ತದೊತ್ತಡಕ್ಕೆ ಬೇಕಾಗುವ ಔಷಧದ ಡೋಸ್, ಎಚ್ಚರ ಇವು ಸುಧಾರಿಸದಿದ್ದರೆ ಮತ್ತೆ ಕೂರೋಣ’ ಎಂದು ಮೊದಲೇ ಒಪ್ಪಿಕೊಂಡು ಕೇಸ್ ಶೀಟಿನಲ್ಲಿ ಬರೆಸಿ. ಬೇರೆ ವೈದ್ಯರ ಅಭಿಪ್ರಾಯ ಬೇಕೆಂದರೆ ದಾಖಲೆಗಳ ಪ್ರತಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ.

ಎರಡು ಮಂಡಳಿ

ನಿಲ್ಲಿಸುವ ಮಾತು ಬಂದರೆ ಪ್ರಾಥಮಿಕ ಮಂಡಳಿ ರಚಿಸುವಂತೆ ಆಸ್ಪತ್ರೆಗೆ ಲಿಖಿತವಾಗಿ ಕೇಳಿ. ಇದರಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರ ಜೊತೆ ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರಿರಬೇಕು. ಅವರು ಒಪ್ಪಿದರೆ ದ್ವಿತೀಯ ಮಂಡಳಿ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬ ನೋಂದಾಯಿತ ವೈದ್ಯರು, ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ನಿರ್ದೇಶನ ಬರೆದಿದ್ದರೆ ಅದರಲ್ಲಿ ಹೆಸರಿಸಿದವರ ಒಪ್ಪಿಗೆ, ಬರೆಯದಿದ್ದರೆ ಹತ್ತಿರದ ಸಂಬಂಧಿಕರ ಲಿಖಿತ ಒಪ್ಪಿಗೆ ಬೇಕು. ಜಾರಿಗೆ ಮುನ್ನ ಆಸ್ಪತ್ರೆಯು ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ) ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಿಳಿಸಿದರೆ ಸಾಕು, ಅನುಮತಿಗೆ ಕಾಯಬೇಕಿಲ್ಲ. ‘ಕೋರ್ಟ್ ಆರ್ಡರ್ ತನ್ನಿ’ ಎಂದು ಆಸ್ಪತ್ರೆ ಅಂದರೆ 2023ರ ತೀರ್ಪನ್ನೂ ರಾಜ್ಯದ ಸುತ್ತೋಲೆಯನ್ನೂ ತೋರಿಸಿ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆಯಿರಿ.

ಆಗಲೂ ಒಪ್ಪಿಗೆಯಾಗದಿದ್ದರೆ

ವೈದ್ಯರು ‘ಇನ್ನು ಪ್ರಯೋಜನವಿಲ್ಲ’ ಎಂದು, ಹತ್ತಿರದವರು ಒಪ್ಪದಿದ್ದರೆ, ನಿರ್ದೇಶನವೂ ಇಲ್ಲದಿದ್ದರೆ, ಆಸ್ಪತ್ರೆ ಈ ಕ್ರಮದಡಿ ತಾನಾಗಿಯೇ ಯಂತ್ರ ತೆಗೆಯುವಂತಿಲ್ಲ. ಕುಟುಂಬದವರು ‘ನಿಲ್ಲಿಸಿ’ ಎಂದರೂ ಮಂಡಳಿ ಒಪ್ಪದಿದ್ದರೆ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ನಮ್ಮಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿವೆ. ವಿಭಾಗೀಯ ಪೀಠ ವಿಚಾರಣೆ ನಡೆಸುತ್ತದೆ, ಬೇಕಾದರೆ ಬೇರೆ ವೈದ್ಯರ ಸಮಿತಿಯನ್ನೂ ನೇಮಿಸುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ.

ಯಾರ ಮಾತು ನಡೆಯಬೇಕೆಂಬ ಪ್ರಶ್ನೆ ಹಳೆಯದು. ಹಲ್ಲೆಗೊಳಗಾಗಿ ದಶಕಗಳ ಕಾಲ ಪ್ರಜ್ಞೆ ಮರಳದೆ ಮಲಗಿದ್ದ, ಹೊನ್ನಾವರದ ಹಳದೀಪುರ ಮೂಲದ ನರ್ಸ್ ಅರುಣಾ ಶಾನಭಾಗ್ ಅವರ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಅರ್ಜಿ ಹಾಕಿದವರ ಬದಲು ದಶಕಗಳಿಂದ ಅವರನ್ನು ನೋಡಿಕೊಂಡಿದ್ದ ಮುಂಬೈನ ಕೆಇಎಂ ಆಸ್ಪತ್ರೆ ಸಿಬ್ಬಂದಿಯ ಮಾತಿಗೆ ತೂಕ ಕೊಟ್ಟಿತು. ಅರುಣಾ ಅವರಿಗೆ ತಮ್ಮ ಇಚ್ಛೆಯನ್ನು ಬರೆದಿಡುವ ಅವಕಾಶವೇ ಇರಲಿಲ್ಲ.

ಬೇಸತ್ತು ಅಥವಾ ಬಿಲ್ಲಿಗೆ ಹೆದರಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಡಿಸ್ಚಾರ್ಜ್ ಫಾರಂಗೆ ಸಹಿ ಹಾಕಿ ರೋಗಿಯನ್ನು ಮನೆಗೆ ತರುವುದು ನಮ್ಮಲ್ಲಿ ಸಾಮಾನ್ಯ. ಇದು ಅತ್ಯಂತ ಕೆಟ್ಟ ದಾರಿ. ಉಸಿರಾಟದ ಕೊಳವೆ ತೆಗೆದ ಮೇಲೆ ಬರುವ ಏದುಸಿರಿಗೆ ಮಾರ್ಫಿನ್ ಕೊಡುವವರು ಮನೆಯಲ್ಲಿ ಇರುವುದಿಲ್ಲ, ಸಾವಿನ ಕಾರಣದ ಪ್ರಮಾಣಪತ್ರಕ್ಕೆ ಅಲೆಯಬೇಕಾಗುತ್ತದೆ. ಅದರ ಬದಲು ಉಪಶಾಮಕ (ನೋವು, ಸಂಕಟ ತಗ್ಗಿಸುವ) ಚಿಕಿತ್ಸಾ ವಿಭಾಗಕ್ಕೆ ವರ್ಗಾಯಿಸಲು ಕೇಳಿ.

ನಿರ್ಧಾರ ಜಾರಿಯಾದ ಮೇಲೂ ಆರೈಕೆ ನಿಲ್ಲುವುದಿಲ್ಲ. ಕೊಳವೆ ತೆಗೆಯುವ ಮುಂಚೆಯೇ ಮಾರ್ಫಿನ್ ಮತ್ತು ನಿದ್ದೆಯ ಔಷಧ ಶುರುಮಾಡಿದ್ದಾರೆಯೇ ಎಂದು ಕೇಳಿ. ಆಮೇಲೆ ಉಸಿರು ನಿಮಿಷಗಳಲ್ಲಿ ನಿಲ್ಲಬಹುದು, ಒಂದೆರಡು ದಿನ ನಡೆಯಲೂಬಹುದು. ಪಾಳಿ ಹಾಕಿಕೊಂಡು ಯಾರಾದರೂ ಪಕ್ಕದಲ್ಲೇ ಇರಿ. ಅಪಘಾತದಂಥ ಎಂಎಲ್‌ಸಿ (ಪೊಲೀಸ್ ತನಿಖೆಗೆ ಒಳಪಡುವ) ಪ್ರಕರಣವಾದರೆ ಪೊಲೀಸರಿಗೆ ತಿಳಿಸುವುದು, ಮರಣೋತ್ತರ ಪರೀಕ್ಷೆ ತಪ್ಪುವುದಿಲ್ಲ. ದೇಹ ಸಿಗಲು ತಡವಾಗುತ್ತದೆಂದು ಊರಿನ ನೆಂಟರಿಗೆ ಮೊದಲೇ ಹೇಳಿಡಿ.