ಎಸ್‌ಎಸ್‌ಪಿ ಸ್ಕಾಲರ್‌ಶಿಪ್: ಅರ್ಜಿ ಹಾಕುವ ಮೊದಲು ಮತ್ತು ಹಾಕಿದ ಮೇಲೆ

ಪಿಯುಸಿ, ಡಿಪ್ಲೊಮಾ, ಡಿಗ್ರಿ, ಎಂಜಿನಿಯರಿಂಗ್, ಸ್ನಾತಕೋತ್ತರ ಯಾವುದೇ ಓದುತ್ತಿರಲಿ, ಕರ್ನಾಟಕ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಬಾಗಿಲು ಒಂದೇ: ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಹೀಗೆ ಇಲಾಖೆಗಳು ಬೇರೆಬೇರೆ ಇದ್ದರೂ ಅರ್ಜಿ ಒಂದೇ. ನಿಮ್ಮ ಜಾತಿ, ಆದಾಯ, ಕೋರ್ಸ್ ನೋಡಿ ಅರ್ಜಿ ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ.

ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಹಣ ತಪ್ಪುವುದು ಆ ಅರ್ಧ ಗಂಟೆಯಲ್ಲಿ ಆದ ತಪ್ಪಿನಿಂದ ಅಲ್ಲ, ಬಹುಪಾಲು ಅದಕ್ಕೂ ಮೊದಲೇ ಸರಿಮಾಡಿಕೊಳ್ಳದೆ ಬಿಟ್ಟ ಎರಡು ಸಂಗತಿಗಳಿಂದ: ಬ್ಯಾಂಕ್ ಖಾತೆ ಮತ್ತು ಹೆಸರು. ಆದ್ದರಿಂದ ಪೋರ್ಟಲ್ ತೆರೆಯುವ ಮೊದಲೇ ಇವೆರಡನ್ನು ಮುಗಿಸಿಕೊಳ್ಳಿ.

ಬ್ಯಾಂಕ್ ಖಾತೆ: ಲಿಂಕ್ ಬೇರೆ, ಸೀಡಿಂಗ್ ಬೇರೆ

ಹಣ ನೀವು ಬರೆದುಕೊಟ್ಟ ಖಾತೆ ಸಂಖ್ಯೆಗೆ ಬರುವುದಿಲ್ಲ, ನಿಮ್ಮ ಆಧಾರ್ ಸಂಖ್ಯೆಗೆ ಬರುತ್ತದೆ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಬಳಿ ಇರುತ್ತದೆ. ಅದಕ್ಕೆ ಮ್ಯಾಪರ್ ಎನ್ನುತ್ತಾರೆ, ಆ ಪಟ್ಟಿಗೆ ನಿಮ್ಮ ಆಧಾರ್ ಮತ್ತು ಬ್ಯಾಂಕ್ ಸೇರಿಸುವುದೇ ಸೀಡಿಂಗ್. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್ ಇರಲು ಸಾಧ್ಯ, ಅದೂ ಕೊನೆಯದಾಗಿ ಸೀಡಿಂಗ್ ಆದ ಬ್ಯಾಂಕ್.

ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ, ಆಗಿಹೋಯಿತು ಎಂದು ಎಷ್ಟೋ ಮಕ್ಕಳು ನಂಬಿರುತ್ತಾರೆ. ಅದು ಕೆವೈಸಿ, ಅಂದರೆ ಗುರುತಿನ ಪರಿಶೀಲನೆ ಮಾತ್ರ. ಸೀಡಿಂಗ್‌ಗೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಫಾರಂ ಇದೆ. ಅದನ್ನು ತುಂಬಿ, ಸಹಿ ಹಾಕಿ, ‘ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ, ಡಿಬಿಟಿ ಹಣ ಬರಬೇಕು’ ಎಂದು ಬಾಯಿಬಿಟ್ಟು ಕೇಳಿ (ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆ). ಬರೀ ‘ಆಧಾರ್ ಲಿಂಕ್ ಮಾಡಿ’ ಎಂದರೆ ‘ಲಿಂಕ್ ಆಗಿದೆ’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ!

ನಂತರ ನೀವೇ ಪರೀಕ್ಷಿಸಿ. ಮೈ ಆಧಾರ್ ವೆಬ್‌ಸೈಟಿಗೆ ಒಟಿಪಿ ಹಾಕಿ ಲಾಗಿನ್ ಆದರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬುದು ಕಾಣುತ್ತದೆ. ಅಲ್ಲಿ ಬ್ಯಾಂಕಿನ ಹೆಸರು ಮತ್ತು ‘ಆಕ್ಟಿವ್’ ಎಂದು ಇರಬೇಕು. ರಾಜ್ಯದ ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲೂ ಇದನ್ನು ನೋಡಬಹುದು. ಬಂದ ಹಣದ ವಿವರವೂ ಅಲ್ಲೇ ಸಿಗುವುದರಿಂದ ಆ್ಯಪ್ ಫೋನಿನಲ್ಲಿ ಇರಲಿ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಸಿಮ್ ಕೊಳ್ಳುವಾಗಲೋ ಅಂಗಡಿಯಲ್ಲಿ ಬೆರಳೊತ್ತಿದಾಗಲೋ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದರೆ ಸೀಡಿಂಗ್ ಅದಕ್ಕೆ ಹೋಗಿರಬಹುದು. ‘ಸ್ಯಾಂಕ್ಷನ್ ಆಗಿದೆ, ಪಾಸ್‌ಬುಕ್‌ನಲ್ಲಿ ಇಲ್ಲ’ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಎರಡು, ಪೂರ್ಣ ಕೆವೈಸಿ ಇಲ್ಲದ ‘ಸ್ಮಾಲ್ ಅಕೌಂಟ್’. ಅದರಲ್ಲಿ ಬಾಕಿ ಮೊತ್ತ 50,000 ರೂಪಾಯಿ ಮೀರುವಂತಿಲ್ಲ, ವರ್ಷಕ್ಕೆ ಜಮೆ 1 ಲಕ್ಷ ದಾಟುವಂತಿಲ್ಲ. ದೊಡ್ಡ ಫೀಸಿನ ಮೊತ್ತ ಇಂಥ ಖಾತೆಯಲ್ಲಿ ಸಿಕ್ಕಿಬೀಳಬಹುದು. ಬ್ಯಾಂಕಿಗೆ ಹೋಗಿ ಪೂರ್ಣ ಕೆವೈಸಿ ಮಾಡಿಸಿ.

ಹೆಸರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಅಂಕಪಟ್ಟಿಯಲ್ಲಿ ‘ಸವಿತಾ ಬಿ.’, ಆಧಾರ್‌ನಲ್ಲಿ ‘ಸವಿತಾ ಬಸಪ್ಪ ಹಡಪದ’, ಪ್ರಮಾಣಪತ್ರದಲ್ಲಿ ‘ಸವಿತ’ ಎಂದಿದ್ದರೆ ಊರಿಗೆಲ್ಲ ಗೊತ್ತು ಅವಳು ಒಬ್ಬಳೇ ಎಂದು, ಕಂಪ್ಯೂಟರಿಗೆ ಗೊತ್ತಿಲ್ಲ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಇಂಗ್ಲಿಷಿನಲ್ಲಿ ‘ಎಚ್’ ಅಕ್ಷರ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲವೋ ನೋಡಿ. ತಿದ್ದುವುದಾದರೆ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ತಿದ್ದಿಸುವುದು ಸುಲಭ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಫಾರಂ ತುಂಬುವಾಗ ಅವಸರ ಬೇಡ. ಆಧಾರ್‌ಗೆ ಈಗ ಬಳಸುವ ಮೊಬೈಲ್ ನಂಬರೇ ಜೋಡಣೆಯಾಗಿರಲಿ, ಒಟಿಪಿ ಇಲ್ಲದೆ ಹೆಜ್ಜೆ ಮುಂದಿಡಲಾಗದು.

ದಾಖಲೆಗಳು

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬಂದಿರಬೇಕು, ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದದ ಸಂಖ್ಯೆ ಇರುತ್ತದೆ. ಪೋರ್ಟಲ್ ಕೇಳುವುದು ಆ ಸಂಖ್ಯೆಯನ್ನೇ, ಉಳಿದದ್ದನ್ನು ಅದೇ ಎಳೆದುಕೊಳ್ಳುತ್ತದೆ. ಹಿಂದಿನ ಕಾಲದ ಕೈಬರಹದ ಪತ್ರ ನಡೆಯುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವಷ್ಟರಲ್ಲಿ ಮುಗಿದಿರಬಹುದು. ಇದೊಂದನ್ನು ಜೂನ್‌ನಲ್ಲೇ ನೋಡಿಕೊಂಡರೆ ಆಮೇಲೆ ನಾಡಕಚೇರಿಯ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆಯೂ ಬೇಕು: ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಮಕ್ಕಳಿಗೆ ಯುಎಸ್‌ಎನ್, ಡಿಗ್ರಿಯವರಿಗೆ ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ಸಂಖ್ಯೆ. ಮೊದಲ ವರ್ಷದವರಿಗೆ ಅದು ಬರುವುದೇ ತಡ. ಸಂಖ್ಯೆ ಹಾಕಿದಾಗ ವಿವರ ಸಿಗದಿದ್ದರೆ ಸೈಬರ್‌ನವರನ್ನು ದೂರಿ ಫಲವಿಲ್ಲ, ಕಾಲೇಜು ಕಚೇರಿಯಲ್ಲಿ ನಿಮ್ಮ ಮಾಹಿತಿ ಮೇಲಕ್ಕೆ ಹೋಗಿದೆಯೇ ವಿಚಾರಿಸಿ.

ವ್ಯಾಸಂಗ ಪ್ರಮಾಣಪತ್ರ, ಫೀಸಿನ ರಸೀತಿ, ಹಾಸ್ಟೆಲಿನಲ್ಲಿದ್ದರೆ ಅದರ ಪತ್ರ, ಇಂಥವಕ್ಕೆ ಇ-ದೃಢೀಕರಣ ಆಗಬೇಕು. ಕಾಲೇಜಿನಲ್ಲಿ ಇದಕ್ಕೆಂದೇ ನೇಮಿಸಿದ ಅಧಿಕಾರಿ ಮೂಲ ಪ್ರತಿ ನೋಡಿ ಡಿಜಿಟಲ್ ಸಹಿ ಹಾಕುತ್ತಾರೆ. ಪ್ರತಿ ದಾಖಲೆಗೂ ಒಂದು ಐಡಿ ಬರುತ್ತದೆ. ಆ ಐಡಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ರಸೀತಿಯಲ್ಲಿ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಗ್ರಂಥಾಲಯ ಶುಲ್ಕ ಬೇರೆಬೇರೆ ನಮೂದಾಗಿರಲಿ. ಒಟ್ಟು ಮೊತ್ತ ಮಾತ್ರ ಇದ್ದರೆ ಕಚೇರಿಯಲ್ಲಿ ವಿಂಗಡಿಸಿದ ರಸೀತಿ ಕೇಳಿ ಪಡೆಯಿರಿ.

ಅರ್ಜಿ ತುಂಬುವಾಗ

ವಿಳಾಸ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ ಮೊದಲು ನೋಡಿ. ಆಧಾರ್‌ನಲ್ಲಿ ಇರುವಂತೆಯೇ ಹೆಸರು, ಲಿಂಗ ಹಾಕಿ ಖಾತೆ ತೆರೆಯಿರಿ. ಬರುವ ವಿದ್ಯಾರ್ಥಿ ಐಡಿ ಮತ್ತು ಪಾಸ್‌ವರ್ಡ್ ಕೋರ್ಸ್ ಮುಗಿಯುವವರೆಗೂ ಬೇಕು. ಸೈಬರ್ ಸೆಂಟರಿನಲ್ಲಿ ಮಾಡಿಸಿದರೂ ಮೊಬೈಲ್ ನಂಬರ್ ನಿಮ್ಮದೇ ಕೊಡಿ, ಅಂಗಡಿಯವರದ್ದಲ್ಲ. ಡೇ ಸ್ಕಾಲರ್ ಅಥವಾ ಹಾಸ್ಟೆಲ್ ಎಂಬಲ್ಲಿ ತಪ್ಪು ಗುರುತು ಹಾಕಿದರೆ ಮೊತ್ತವೇ ಬದಲಾಗುತ್ತದೆ. ಪರಿಶಿಷ್ಟ ಜಾತಿಯ ಕೇಂದ್ರ ಯೋಜನೆಯಲ್ಲಿ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸುಗಳಿರುವ ಮೊದಲ ಗುಂಪಿನಲ್ಲಿ ಹಾಸ್ಟೆಲಿನವರಿಗೆ ವರ್ಷಕ್ಕೆ 13,500 ರೂಪಾಯಿ, ಮನೆಯಿಂದ ಓಡಾಡುವವರಿಗೆ 7,000 ರೂಪಾಯಿ ಭತ್ಯೆ, ಫೀಸು ಬೇರೆ.

ಹಿಂದುಳಿದ ವರ್ಗದವರಿಗೆ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಅಲ್ಲದೆ ವಿದ್ಯಾಸಿರಿ ಇದೆ. ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ತಿಂಗಳಿಗೆ ಇಷ್ಟೆಂದು 10 ತಿಂಗಳು ಹಣ ಕೊಡುವ ಯೋಜನೆ ಅದು. ಊರು ಬಿಟ್ಟು ರೂಮು ಮಾಡಿಕೊಂಡು ಓದುವ ಮಗುವಿಗೆ ಆ ಹಣ ದೊಡ್ಡದು, ತಿಳಿಯದೆ ಬಿಡಬೇಡಿ.

ಕೊನೆಗೆ ಸಲ್ಲಿಸಿ, ಸ್ವೀಕೃತಿ ಮುದ್ರಿಸಿಕೊಳ್ಳಿ. ಅರ್ಜಿ ಉಳಿಸಿ ಸಲ್ಲಿಸದೆ ಬಿಟ್ಟರೆ ಅದು ಅರ್ಜಿಯೇ ಅಲ್ಲ. ಕೊನೆಯ ದಿನಾಂಕ ಮುಂದೂಡುತ್ತಾರೆ ಎಂಬ ಭರವಸೆಯಲ್ಲಿ ಕೂರಬೇಡಿ, ಕೊನೆಯ ವಾರ ಸರ್ವರ್ ನಿಧಾನವಾಗುತ್ತದೆ, ಇ-ದೃಢೀಕರಣಕ್ಕೂ ಕಾಯಬೇಕಾಗುತ್ತದೆ.

ಕೇಂದ್ರದ ಪೋರ್ಟಲ್

ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಇದ್ದು ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನ ಸೆಂಟ್ರಲ್ ಸೆಕ್ಟರ್ ಯೋಜನೆಯನ್ನೂ ನೋಡಿ. ಪದವಿಯ ಮೊದಲ ಮೂರು ವರ್ಷ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ ವಾರ್ಷಿಕ. ಅದಕ್ಕೆ ಮೊದಲು ಒಟಿಆರ್ ಎಂಬ ಒಂದು ಬಾರಿಯ ನೋಂದಣಿ ಆಗಬೇಕು, ಫೋನಿನಲ್ಲಿ ಮುಖ ತೋರಿಸಿ ದೃಢೀಕರಿಸುವ ಹಂತವೂ ಇದೆ. ನವೀಕರಣಕ್ಕೆ 50% ಅಂಕ, 75% ಹಾಜರಾತಿ ಬೇಕು. ಇದನ್ನು ಬೇರೆ ವಿದ್ಯಾರ್ಥಿವೇತನದ ಜೊತೆಗೆ ಪಡೆಯುವಂತಿಲ್ಲ, ಆದ್ದರಿಂದ ಎಸ್‌ಎಸ್‌ಪಿಯಲ್ಲಿ ನಿಮಗೆ ಬರುವ ಒಟ್ಟು ಮೊತ್ತ ಲೆಕ್ಕಹಾಕಿ ಆರಿಸಿ.

ಹಣ ಬರದಿದ್ದರೆ

ವಿದ್ಯಾರ್ಥಿ ಐಡಿ ಹಾಕಿ ಪೋರ್ಟಲಿನಲ್ಲಿ ಸ್ಥಿತಿ ನೋಡಿ. ಇಲಾಖೆಯಲ್ಲೇ ಬಾಕಿಯಿದ್ದರೆ ಸ್ವೀಕೃತಿ ಹಿಡಿದು ಆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಿ. ಮಂಜೂರಾಗಿ ಪಾವತಿ ವಿಫಲ ಎಂದಿದ್ದರೆ ತಪ್ಪು ಬಹುಪಾಲು ಸೀಡಿಂಗ್‌ನಲ್ಲಿರುತ್ತದೆ: ಮೊದಲು ಬ್ಯಾಂಕಿಗೆ, ಆಮೇಲೆ ಇಲಾಖೆಗೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಹಣ ಎರಡು ಕಂತಿನಲ್ಲಿ ಬರುತ್ತದೆ. ಮೊದಲು ರಾಜ್ಯದ 40% ಪಾಲು, ಆಮೇಲೆ ಕೇಂದ್ರದ 60% ನೇರವಾಗಿ ಖಾತೆಗೆ. ಮೊದಲ ಕಂತು ನೋಡಿ ‘ಇಷ್ಟೇನಾ’ ಎಂದು ಗಾಬರಿಯಾಗಬೇಡಿ, ನಡುವೆ ಖಾತೆ ಬದಲಿಸಲೂಬೇಡಿ. ಕಾಲೇಜಿಗೆ ಫೀಸು ಬಾಕಿ ಇಟ್ಟಿದ್ದರೆ ಖಾತೆಗೆ ಬಂದ ಫೀಸಿನ ಪಾಲು ಕಾಲೇಜಿಗೆ ಕಟ್ಟಬೇಕಾದ ಹಣ, ಅದನ್ನು ಬೇರೆ ತೆಗೆದಿಡಿ.

ಮುಂದಿನ ವರ್ಷ ತಾನಾಗಿ ಬರುವುದಿಲ್ಲ. ಅದೇ ಐಡಿಯಿಂದ ಮತ್ತೆ ಅರ್ಜಿ ಹಾಕಬೇಕು, ಹೊಸ ವರ್ಷದ ರಸೀತಿ ಮತ್ತು ಅಂಕಪಟ್ಟಿ ಸೇರಿಸಬೇಕು.