ಅಕ್ಕನ ಒತ್ತಕ್ಷರ

ಹಾಸನದಲ್ಲಿ ನಮ್ಮದೊಂದು ಟೈಪಿಂಗ್ ಅಂಗಡಿ. ಬಾಡಿಗೆ ಕರಾರು, ಅರ್ಜಿ, ಲಗ್ನಪತ್ರಿಕೆ, ಜೆರಾಕ್ಸ್. ಕಂಪ್ಯೂಟರ್ ಮೂರು, ಮೂರೂ ಹಳೆಯವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ನಮ್ಮವಕ್ಕೆ ಇಲ್ಲ. ಚೆನ್ನಾಗಿ ಓಡುತ್ತಿರುವ ಮಷಿನ್‌ಗಳನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ ಆರಿಸಿಕೊಂಡೆ.

ಹಾಕುವುದೇನೂ ದೊಡ್ಡ ಕೆಲಸವಲ್ಲ. ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕ್‌ಗೆ ತೆಗೆದಿಟ್ಟು, ಮೊದಲು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಪ್ರಿಂಟರ್ ನೋಡಿದೆ. ಅದಕ್ಕೂ ಮುಂಚೆ ಎರಡು ತಿಂಗಳು ವಿಂಡೋಸ್‌ನಲ್ಲೇ ಲಿಬ್ರೆಆಫೀಸ್ ಬಳಸಿದ್ದೆವು, ಎರಡರಲ್ಲೂ ಓಡುವ ಉಚಿತ ಆಫೀಸ್ ತಂತ್ರಾಂಶ ಅದು. ಹಾಗಾಗಿ ಹೊಸ ಪರದೆ ಯಾರನ್ನೂ ಹೆದರಿಸಲಿಲ್ಲ.

ತೊಂದರೆ ಕೊಟ್ಟಿದ್ದು ಕನ್ನಡ. ನಮ್ಮಲ್ಲಿ ಟೈಪ್ ಮಾಡುವ ಅಕ್ಕ ಅಪ್ಪನ ಕಾಲದಿಂದಲೂ ಇದ್ದಾರೆ, ಕೀಬೋರ್ಡ್ ಕಡೆ ನೋಡುವುದೇ ಇಲ್ಲ. ಮೊದಲ ದಿನ ಹತ್ತೇ ನಿಮಿಷಕ್ಕೆ ಕರೆದರು.

"ನೋಡಪ್ಪ, ಬಣ್ಣ ಎಲ್ಲಾ ಚೆನ್ನಾಗಿದೆ. ಒತ್ತು ಎಲ್ಲೋಯ್ತು?"

ನಾನು ಸುಮ್ನೆ 'ಕನ್ನಡ' ಅಂತ ಆರಿಸಿದ್ದೆ. ಅದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ಕೀಬೋರ್ಡ್ ವಿನ್ಯಾಸ. ಅಕ್ಕನ ಕೈಗೆ ಒಗ್ಗಿದ್ದು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಕೆಜಿಪಿ ವಿನ್ಯಾಸ. ಅದರಲ್ಲಿ ಒತ್ತಿಗೆ ಎಫ್ ಕೀ, ಕೆ-ಎಫ್-ಕೆ ಒತ್ತಿದರೆ 'ಕ್ಕ'. ಇಲ್ಲಿ ಎಫ್ ಒತ್ತಿದರೆ ಗುಡಿಸು, 'ಕಿಕ' ಬರುತ್ತಿತ್ತು! ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಜೊತೆ, ಹೆಚ್ಚಿನ ಕೀಬೋರ್ಡ್ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜ್ ಹಾಕಿದರೆ ಪಟ್ಟಿಯಲ್ಲಿ ಕೆಜಿಪಿ ಸಿಗುತ್ತದೆ. ಅದನ್ನು ಹಾಕಿಕೊಟ್ಟೆ. ಸಂಜೆಯೊಳಗೆ ಅಕ್ಕ ಮೊದಲಿನ ವೇಗಕ್ಕೆ ಬಂದರು. ಲಿನಕ್ಸ್ ಅಂದರೇನು ಅಂತ ಅವರು ಇವತ್ತಿಗೂ ಕೇಳಿಲ್ಲ.

ಹಳೇ ಫೈಲ್‌ಗಳದ್ದು ಬೇರೆ ಕಥೆ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ, ಅಂದರೆ ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತವಿರುವ ಎಲ್ಲೆಡೆ ನಡೆಯುವ ಪದ್ಧತಿ ಅಲ್ಲ. ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಆಕಾರ. ಫಾಂಟ್ ಇಲ್ಲದಿದ್ದರೆ ಬರೀ ಕಾಗೆ ಕಾಲು. ಆ ಫಾಂಟ್ ಫೈಲ್‌ಗಳನ್ನು ಲಿನಕ್ಸ್‌ಗೂ ಹಾಕಿದೆ, ಓದಲು ಬಂತು. ತಿದ್ದಬೇಕಾದ ನಮೂನೆಗಳನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿದೆ. ಪರಿವರ್ತನೆಯಲ್ಲಿ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ. ಕರಾರು ಪತ್ರದಲ್ಲಿ ಅದು ಆಗಬಾರದು, ಅಲ್ವಾ? ಒಂದೊಂದನ್ನೂ ಕೂತು ಓದಿದೆವು.

ಆದರೂ ಒಂದು ಇ-ಸ್ಟ್ಯಾಂಪ್ ಕಾಗದ ಹಾಳಾಯಿತು. ಹೊಸ ಫಾಂಟ್‌ನಲ್ಲಿ ಸಾಲುಗಳ ಎತ್ತರ ಜಾಸ್ತಿ, ಸಹಿ ಮಾಡುವ ಸಾಲು ಕೆಳಗೆ ಜಾರಿ ಇನ್ನೊಂದು ಪುಟಕ್ಕೆ ಹೋಗಿತ್ತು. ದುಡ್ಡು ನನ್ನದೇ ಹೋಯಿತು. ಅವತ್ತಿನಿಂದ ಸಾಲಿನ ಅಂತರವನ್ನು ಪಾಯಿಂಟ್ ಲೆಕ್ಕದಲ್ಲಿ ಕಟ್ಟಿಹಾಕಿದ್ದೇನೆ. ಮೊದಲು ಬಿಳಿ ಹಾಳೆಯ ಮೇಲೆ ಪ್ರಿಂಟ್, ಆಮೇಲೆ ಸ್ಟ್ಯಾಂಪ್ ಕಾಗದ.

ಮೂರನೇ ಮಷಿನ್ ಬದಲಾಯಿಸಲಿಲ್ಲ. ಲಗ್ನಪತ್ರಿಕೆಗಳೆಲ್ಲ ಪುಟವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿವೆ, ಅದು ಲಿನಕ್ಸ್‌ಗೆ ಬರುವುದಿಲ್ಲ. ಅದರ ಇಂಟರ್‌ನೆಟ್ ವೈರ್ ಕಿತ್ತು ಮೂಲೆಗೆ ಇಟ್ಟಿದ್ದೇನೆ. ಮದುವೆ ಸೀಸನ್‌ನಲ್ಲಿ ಮಾತ್ರ ಅದಕ್ಕೆ ಬಿಡುವಿಲ್ಲ.